ಬಾಷಾ ಮಾಲು

ಇವತ್ತು ಬೆಳಿಗ್ಗೆ ಕುಕ್ಕರಿನ ರಬ್ಬರು ಹಿಗ್ಗಿಕೊಂಡು ಮುಚ್ಚಳ ಕೂರಲೇ ಇಲ್ಲ. ನಮ್ಮ ಯಜಮಾನರು ಅದನ್ನು ಎಳೆದು, ಮೂಸಿ ನೋಡಿ, "ಬಾಷಾ ಮಾಲು" ಎಂದು ತೀರ್ಪು ಕೊಟ್ಟು ಪೇಪರಿಗೆ ಮರಳಿದರು. ನಿಮಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಚಲಾವಣೆಯಲ್ಲಿರುವ ಮಾತಿದು. ಸೋರುವ ನಲ್ಲಿ, ಬೇಗ ಕಿತ್ತ ಚಪ್ಪಲಿ, ಒಂದೇ ಒಗೆತಕ್ಕೆ ಬಣ್ಣ ಬಿಟ್ಟ ಸೀರೆ, ಎಲ್ಲವೂ ಬಾಷಾ ಮಾಲು. ಮಕ್ಕಳೂ ಹಾಗೇ ಅನ್ನುತ್ತ ಬೆಳೆದರು. ಬಾಷಾ ಯಾರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೇಳಬೇಕೆಂದರೆ ಜೀಪಿನಿಂದ ಶುರುಮಾಡಬೇಕು. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಎಪ್ಪತ್ತರ ದಶಕ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗೋವಿಂದರಾಜನಗರದ ಬಾಡಿಗೆ ಮನೆಗೆ ಫ್ಯಾನು ತರುತ್ತೇನೆಂದು ಹೋದವರು ಮಿಲಿಟರಿಯವರು ಹರಾಜು ಹಾಕಿದ ಜೀಪು ತಂದರು. ನನಗಿಂತ ವಯಸ್ಸಾದ ಜೀಪು. ಓಡುವುದೇನೋ ಓಡುತ್ತಿತ್ತು, ನಿಲ್ಲುತ್ತಿರಲಿಲ್ಲ. ಬ್ರೇಕಿನ ಎಣ್ಣೆ ಸೋರದ ಜಾಗವಿರಲಿಲ್ಲ. ಮಾಗಡಿ ರಸ್ತೆಯಲ್ಲಿ ಒಮ್ಮೆ ನಾವು ನಿಂತದ್ದು ಯಾರೋ ಮನೆ ಕಟ್ಟಲು ಸುರಿಸಿದ್ದ ಮರಳಿನ ರಾಶಿಯಲ್ಲಿ.

ಬ್ರೇಕಿನ ಕೊಳವೆಗೆ ಗಾಳಿ ಸೇರಿದರೆ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲು ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಪಕ್ಕ ಮಲಗಿ ನಟ್ಟು ಸಡಿಲಿಸಬೇಕು. ಆ ಒಬ್ಬರು ನಾನು. "ಒತ್ತು. ಹಿಡ್ಕೋ. ಬಿಡಬೇಡ ಕಣೇ" ಎಂದು ಕೆಳಗಿನಿಂದ ಅಪ್ಪಣೆ. ಒಲೆಯ ಮೇಲೆ ಹಾಲು ಉಕ್ಕಿದರೂ ಕಾಲು ತೆಗೆಯುವಂತಿಲ್ಲ. ಬೀದಿಯ ಹೆಂಗಸರು ಹೂ ಮುಡಿದು ಸಿನಿಮಾಕ್ಕೆ ಹೋಗುವಾಗ ನಾನು ಸೆರಗು ಸಿಕ್ಕಿಸಿಕೊಂಡು ಪೆಡಲು ತುಳಿಯುತ್ತಿದ್ದೆ.

ಬಾಷಾ ಸಾಬರು ವಿಜಯನಗರದ ಕಡೆ ಮರದಡಿಯಲ್ಲಿ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್. ಮಾತು ಕಡಿಮೆ. ಪೆಡಲು ತುಳಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ನಾಲ್ಕು ಚಕ್ರದವರೆಗೂ ಒಳಗಿನ ರಬ್ಬರೆಲ್ಲ ಹೋಗಿದೆ ಎಂದರು. ಎಲ್ಲೆಲ್ಲೋ ಅಲೆದು, ಪುಟ್ಟ ಬಟ್ಟಲಿನಂಥ ಹೊಸ ರಬ್ಬರುಗಳನ್ನು ತಂದುಕೊಟ್ಟು, ಶುಕ್ರವಾರ ನಮಾಜು ಮುಗಿಸಿ ಬಂದು ಕೂರಿಸಿಕೊಡುತ್ತೇನೆ ಎಂದು ಹೇಳಿ ಹೋದರು.

ನಮ್ಮವರಿಗೆ ಅಷ್ಟು ತಾಳ್ಮೆಯೆಲ್ಲಿ? ಬುಧವಾರವೇ ರಜೆ ಹಾಕಿ ಎಲ್ಲವನ್ನೂ ಬಿಚ್ಚಿ ನನ್ನ ಅಡುಗೆಮನೆಯಲ್ಲಿ ಹರಡಿದರು. ಕಬ್ಬಿಣದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು, ಉಂಡು ಮಲಗಿದರು. ಹೊಸ ರಬ್ಬರಿಗೆಲ್ಲ ಅವರ ಕೈಯ ಕರಿ ಮೆತ್ತಿತ್ತು, ಅದೂ ನಾನು ದೋಸೆ ಹಾಕುವ ತಟ್ಟೆಯಲ್ಲಿ. ಸಿಟ್ಟಿನಿಂದ ಅವನ್ನೂ ಅದೇ ಸೀಮೆಎಣ್ಣೆಗೆ ಸುರಿದೆ. ಅವರು ಏಳುವ ಹೊತ್ತಿಗೆ ತೆಗೆದು ಒರೆಸಿ, ಇದ್ದಂತೆಯೇ ಜೋಡಿಸಿಟ್ಟೆ. ಉಪಕಾರ ಮಾಡಿದೆನೆಂಬ ಹೆಮ್ಮೆ ಬೇರೆ. ಅವರ ಕೈಯೇ ಸೀಮೆಎಣ್ಣೆ ನಾರುತ್ತಿದ್ದುದರಿಂದ ಅವರಿಗೆ ಏನೂ ಗೊತ್ತಾಗಲಿಲ್ಲ. ಸಂಜೆಯೊಳಗೆ ಎಲ್ಲವನ್ನೂ ತಾವೇ ಕೂರಿಸಿ ಮುಗಿಸಿದರು.

ಸೀಮೆಎಣ್ಣೆ ಕುಡಿದ ಆ ರಬ್ಬರು ಊದಿಕೊಳ್ಳುತ್ತದೆಂದು ನನಗೇನು ಗೊತ್ತು? ಶುಕ್ರವಾರ ಜೀಪು ನಮ್ಮ ಬೀದಿಯ ನಡುವೆ ನಿಂತಿತು. ಈ ಸಲ ಬ್ರೇಕು ಹಿಡಿದದ್ದು ಬಿಡಲೇ ಇಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಬಂದ ಬಾಷಾ ಸಾಬರು ಅಲ್ಲಿಯೇ ಬಿಚ್ಚಿದರು. ರಬ್ಬರು ನೆನೆಸಿದ ಕಡಲೆಯಂತೆ ಊದಿತ್ತು. ಅದನ್ನು ಮೂಸಿದರು. ಆಮೇಲೆ ತಲೆಯೆತ್ತಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ನನ್ನ ಪಕ್ಕದಲ್ಲಿ ಅತ್ತೆ ನಿಂತಿದ್ದರು. ಊರಿನಿಂದ ಬಂದ ನಾಲ್ಕೇ ದಿನಕ್ಕೆ ನನ್ನ ತಪ್ಪುಗಳನ್ನೆಲ್ಲ ಒಂದೊಂದಾಗಿ ಎತ್ತಿ ಆಡುತ್ತಿದ್ದವರು.

"ಡೂಪ್ಲಿಕೇಟ್ ಮಾಲು ತಂದ್ಕೊಟ್ಟಿದೀರಲ್ರೀ" ಎಂದು ಇಡೀ ಬೀದಿಗೆ ಕೇಳುವಂತೆ ನಮ್ಮವರು ಕೂಗಾಡಿದರು.

"ಇರಬೋದು ಸಾರ್," ಎಂದರು ಬಾಷಾ ಸಾಬರು. "ಬೇರೆ ಸೆಟ್ ತಂದು ಹಾಕ್ಕೊಡ್ತೀನಿ."

ನಾನು ಸುಮ್ಮನಿದ್ದೆ. ಅವರು ಹೊಸದು ತಂದು ಹಾಕಿದರು. ಜೀಪು ನಮ್ಮಲ್ಲಿ ಇರುವವರೆಗೂ ಆ ಬ್ರೇಕು ಕೈಕೊಡಲಿಲ್ಲ. ಆದರೂ ನಮ್ಮವರು ಬೀದಿಯಲ್ಲಿ, ಆಫೀಸಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಬಾಷಾನ ಮೋಸದ ಕಥೆ ಹೇಳಿದರು. ಸ್ವಲ್ಪ ಕಾಲದಲ್ಲಿ ಮರದಡಿಯ ಶೆಡ್ಡು ಇಲ್ಲವಾಯಿತು. ನಮ್ಮಿಂದಲೇ ಹೋಯಿತೆನ್ನಲಾರೆ, ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ. ಅತ್ತೆ ತೀರಿಕೊಂಡ ಮೇಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನನಗೆ ನಾಚಿಕೆಯಾಗುತ್ತದೆ.

ಇವತ್ತು ಮಾತ್ರ ಕುಕ್ಕರನ್ನು ಅಲ್ಲಿಯೇ ಬಿಟ್ಟು, ನಮ್ಮವರೆದುರು ಕೂತು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದರು.

"ಬ್ರೇಕ್ ರಬ್ಬರನ್ನ ಯಾರಾದ್ರೂ ಸೀಮೆಎಣ್ಣೇಲಿ ತೊಳೀತಾರೇನೇ?"

ತಲೆ ಚಚ್ಚಿಕೊಳ್ಳುವಂತಾಯಿತು. "ರೀ, ನಾನು ಹೇಳ್ತಿರೋದು ರಬ್ಬರ್ ವಿಷಯ ಅಲ್ಲ" ಎಂದೆ.

ಅವರು ಪೇಪರು ಮಡಿಸಿಟ್ಟರು. "ಊರಿಗೆಲ್ಲ ಹೇಳ್ಕೊಂಡು ಬಂದ್ನಲ್ಲೇ ನಾನು" ಎಂದರು. ಸುಮ್ಮನಿದ್ದವಳು ನಾನಲ್ಲವೇ ಎಂದೆ. ಬಾಷಾ ಸಾಬರು ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ, ಇಬ್ಬರಿಗೂ ಗೊತ್ತಿರಲಿಲ್ಲ.

ಸಂಜೆ ಕುಕ್ಕರಿನ ರಬ್ಬರು ತರಲು ಹೊರಟವರ ಚಪ್ಪಲಿ ಮೆಟ್ಟಿಲ ಮೇಲೆಯೇ ಕಿತ್ತುಹೋಯಿತು.

"ಥೂ, ಇದೂ ಬಾ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಬಗ್ಗಿ ಚಪ್ಪಲಿಯನ್ನು ಕೈಗೆತ್ತಿಕೊಂಡರು.

"ಕಿತ್ತೋಯ್ತು" ಎಂದರು, ಅಷ್ಟೇ.