ಮೀನೆಣ್ಣೆ ಕುಡಿದ ರಬ್ಬರ್ ಪೈಪು

ನನ್ನ ಸೋದರಮಾವನಿಗೆ ಗೊತ್ತಿಲ್ಲದ ವಿದ್ಯೆ ಭೂಮಿಯ ಮೇಲೆ ಇರಲಿಲ್ಲ. ಮುಂಬಯಿಯಲ್ಲಿ ಹೋಟೆಲ್ ನಡೆಸಿ, ಇಸವಿ ಎಪ್ಪತ್ತರ ಸುಮಾರಿಗೆ ಒಂದು ಹಳೆಯ ಕಾರಿನೊಂದಿಗೆ ಬಾರ್ಕೂರಿಗೆ ಮರಳಿದ ಮೇಲಂತೂ ಅವರ ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ನಮ್ಮದು ಅಳಿಯಕಟ್ಟಿನ ಮನೆ, ವಂಶ ಹೆಣ್ಣಿನ ಕಡೆಯದಾದರೂ ಯಜಮಾನಿಕೆ ಸೋದರಮಾವನದು, ಮಾವ ಹೇಳಿದ್ದೇ ವೇದ. ಕಾರೂ ಹಾಗೇ ಕೇಳುತ್ತದೆ ಎಂದುಕೊಂಡಿದ್ದರು.

ಆ ಕಾರಿನ ನೀರು ಹೋಗುವ ರಬ್ಬರ್ ಪೈಪು ಸೈಲೆನ್ಸರಿನ ಕಬ್ಬಿಣದ ಪೈಪಿಗೆ ಆತುಕೊಂಡಿತ್ತು. ಬಿಸಿಗೆ ರಬ್ಬರು ಬಿರಿಯುತ್ತಿತ್ತು, ನೀರು ಸೋರುತ್ತಿತ್ತು, ಎಂಜಿನ್ ಕುದಿಯುತ್ತಿತ್ತು. ಬ್ರಹ್ಮಾವರದ ಗ್ಯಾರೇಜಿನಲ್ಲಿ ರಬ್ಬರ್ ಪೈಪನ್ನು ದೂರ ಎಳೆದು ತಂತಿಯಲ್ಲಿ ಕಟ್ಟಿ, ನಡುವೆ ಒಂದು ತಗಡು ಕೂರಿಸಿ ಕೊಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಓಡುವಾಗ ತಗಡು ಗಲಗಲ ಎನ್ನುತ್ತಿತ್ತು, ಮಾವನ ಮರ್ಯಾದೆ ಅದರಿಂದ ಹೋಗುತ್ತಿತ್ತಂತೆ. "ಎತ್ತಿನ್ ಗಾಡಿ ಬಂತ್ ಅಂದ್ ಜನ ನೆಗಾಡ್ತ್ರ್" ಎಂದು ತಗಡನ್ನು ಕಿತ್ತು ಕೋಳಿಗೂಡಿಗೆ ಹೊಡೆದರು.

ಆಮೇಲೆ ಸ್ವಂತ ವಿದ್ಯೆ ಶುರುವಾಯಿತು. ಹೊಳೆಯಲ್ಲಿದ್ದ ನಮ್ಮ ದೋಣಿಗೆ ಪ್ರತಿ ವರ್ಷ ಮೀನೆಣ್ಣೆ ಬಳಿಯುತ್ತಿದ್ದರು. ಉಪ್ಪುನೀರು, ಬಿಸಿಲು, ಹುಳ ಯಾವುದೂ ಅದರ ಮರವನ್ನು ತಿನ್ನುತ್ತಿರಲಿಲ್ಲ. ಮರಕ್ಕೆ ಆಗುವುದು ರಬ್ಬರಿಗೆ ಆಗದೇ ಎಂದು ಮಾವ ತೆಂಗಿನ ನಾರಿನ ಹಗ್ಗವನ್ನು ಮೀನೆಣ್ಣೆಯಲ್ಲಿ ನೆನೆಸಿ ರಬ್ಬರ್ ಪೈಪಿಗೆ, ಅದು ಮತ್ತೆ ಕಬ್ಬಿಣದ ಪೈಪಿಗೆ ತಾಗುವಷ್ಟು ದಪ್ಪಕ್ಕೆ, ಒತ್ತೊತ್ತಾಗಿ ಸುತ್ತಿದರು.

"ಎಣ್ಣಿ ಹಗ್ಗ ಒಲಿ ಬುಡಕ್ಕೆ ಇಟ್ರೆ ಎಂತ ಆತ್ತ್ ಅಂದ್ ಗೊತ್ತಿಲ್ಯಾ ನಿಮ್ಗೆ?" ಎಂದರು ಅವರ ಹೆಂಡತಿ, ನನ್ನ ಅತ್ತೆ.

"ದೋಣಿ ಕಂಡಿದ್ಯಾ ನೀನ್? ಸುಮ್ನೆ ಕೂಕೋ."

ದೋಣಿ ಬೆಂಕಿಯ ಮೇಲೆ ತೇಲುವುದಿಲ್ಲ ಎಂಬುದು ಆ ಮಹಾನುಭಾವರಿಗೆ ಹೊಳೆಯಲೇ ಇಲ್ಲ.

ಅದೇ ವಾರ ನನಗೆ ಕುಂದಾಪುರದ ಶಾಲೆಯೊಂದರಲ್ಲಿ ಟೀಚರ್ ಕೆಲಸದ ಸಂದರ್ಶನ. ಅದು ತಪ್ಪಿದರೆ ಮಾವನ ಮಗನ ಜೊತೆ ಮದುವೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮಗ ಅಪ್ಪನ ಪಡಿಯಚ್ಚು, ಅದೇ ನನ್ನ ಹೆದರಿಕೆ. ಬಸ್ಸಿನಲ್ಲಿ ಹೋಗುತ್ತೇನೆ ಎಂದೆ.

"ನಮ್ಮನಿ ಹೆಣ್ ಬಸ್ಸಂಗೆ ನೂಕಾಡ್ಕಂಡ್ ಹೋಪುದಾ? ಕಾರ್ ಇಪ್ಪುದ್ ಎಂತಕೆ?"

ಸಾಸ್ತಾನ ದಾಟುವಾಗಲೇ ಕಾರಿನೊಳಗೆ ಮೀನು ಹುರಿದ ವಾಸನೆ. "ಹೊಸ ಎಣ್ಣಿ ಅಲ್ದಾ, ಹಾಂಗೇ" ಎಂದರು ಮಾವ. ತೆಕ್ಕಟ್ಟೆಯ ಹತ್ತಿರ ಬಾನೆಟ್ಟಿನ ಸಂದಿಯಿಂದ ಕಪ್ಪು ಹೊಗೆ ಎದ್ದಿತು. ಎತ್ತಿ ನೋಡಿದರೆ ಹಗ್ಗ ದೀಪದ ಬತ್ತಿಯ ಹಾಗೆ ಉರಿಯುತ್ತಿದೆ! ಮಾವ ಹೆಗಲ ಮೇಲಿನ ಜರಿಶಾಲಿನಿಂದ ಬಡಿದರು, ಮಣ್ಣು ಎರಚಿದರು. ಬೆಂಕಿ ಆರಿತು. ಅಷ್ಟರಲ್ಲಿ ಪೈಪು ತೂತಾಗಿ ನೀರೆಲ್ಲ ರಸ್ತೆಯ ಪಾಲಾಗಿತ್ತು.

"ಎಂತ ಆಯ್ಲಿಲ್ಲ. ಒಂಚೂರ್ ತಣೀಲಿ, ಹೋಪ" ಎಂದರು, ಮುಖಕ್ಕೆ ಮಸಿ ಮೆತ್ತಿಕೊಂಡು.

ಹಿಂದಿನಿಂದ ಕುಂದಾಪುರದ ಬಸ್ಸು ಬರುವುದು ಕಂಡಿತು. ನಾನು ರಸ್ತೆಯ ನಡುವೆ ಹೋಗಿ ನಿಂತೆ.

"ಬಸ್ಸ್ ಹತ್ರೆ ಮತ್ ಮನಿಗ್ ಬರೂಕಾಗ, ಹೇಳಿದ್ದೆ!" ಮಾವ ಗುಡುಗಿದರು.

"ಹ್ವಾಯ್, ನಿಲ್ಸಿ!" ಎಂದು ಕೂಗಿದೆ. ಹುಟ್ಟಿದಾಗಿನಿಂದ ಅವರೆದುರು ದನಿ ಎತ್ತಿದವಳಲ್ಲ ನಾನು. ಬಸ್ಸು ಹತ್ತಿ ಕೂತಾಗ ಭಯವಿತ್ತು, ಸಂತೋಷ ಅದಕ್ಕಿಂತ ಹೆಚ್ಚಿತ್ತು.

ಮೀನೆಣ್ಣೆ ನಾರುವ ಸೀರೆಯಲ್ಲೇ ಸಂದರ್ಶನ ಕೊಟ್ಟೆ. ಕೆಲಸ ಕೊಟ್ಟೆವು ಎಂದು ಅಲ್ಲೇ ಹೇಳಿಬಿಟ್ಟರು, ಬೇಗ ಹೊರಗೆ ಕಳಿಸುವ ಅವಸರಕ್ಕೂ ಇರಬಹುದು. ಸಂಜೆ ಬಸ್ಸಿನಲ್ಲೇ ಬಾರ್ಕೂರಿಗೆ ಬಂದೆ. ಮಾವ ಹೊರಗೆ ಹಾಕಿದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡದೆ ಮಾತು ಜೋಡಿಸಿಕೊಂಡು, ಅಂಗಳದಲ್ಲಿ ಎದೆ ಗಟ್ಟಿ ಮಾಡಿ ನಿಂತೆ.

ಬಾಗಿಲಿಗೆ ಬಂದ ಅತ್ತೆ ನನ್ನ ಹಿಂದೆ ಇಣುಕಿದರು. "ಮಾವ ಎಲ್ಲಿ ಹೆಣೆ?"

ಹೊರಗೆ ಹಾಕಬೇಕಾದ ಯಜಮಾನರೇ ಇನ್ನೂ ಮನೆ ಮುಟ್ಟಿರಲಿಲ್ಲ.