ದೋಣಿ ಮುಳುಗಿಸಲು ಹೇಳಿದ ದೊಡ್ಡಮ್ಮ

ಎದುರುಮನೆ ದೊಡ್ಡಮ್ಮನ ಬಲ ಹೆಬ್ಬೆರಳಿಗೆ ಉಗುರಿರಲಿಲ್ಲ. ಅದಿರಬೇಕಾದ ಜಾಗದಲ್ಲಿ ಹುಣಸೆಬೀಜದಷ್ಟು ಗಟ್ಟಿಯಾದ ಕಪ್ಪು ಚರ್ಮ ಬೆಳೆದಿತ್ತು. ಮರದ ಹಲಗೆ ಕಂಡರೆ ಆ ಹೆಬ್ಬೆರಳನ್ನು ಅದರ ಮೇಲೆ ನಿಧಾನವಾಗಿ ಎಳೆಯುತ್ತಿದ್ದರು. ಎಲ್ಲಿ ಉಬ್ಬು, ಎಲ್ಲಿ ತಗ್ಗು, ಎಲ್ಲಿ ಹುಳು ತಿಂದಿದೆ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು.

ದಂಡಿಗನಹಳ್ಳಿ ಕಡೆಯ, ಎತ್ತಿನಗಾಡಿ ಮಾಡುವವರ ಮಗಳು. ಹೊಳೆನರಸೀಪುರದ ಹತ್ತಿರದ ನಮ್ಮೂರಿಗೆ ಸೊಸೆಯಾಗಿ ಬಂದವರು. ಬಡಗಿಯಾಗಿದ್ದ ಗಂಡ ಲಕ್ವ ಹೊಡೆದು ಮಲಗಿದಾಗ, ಒಪ್ಪಿಕೊಂಡಿದ್ದ ಎರಡು ಬಾಗಿಲು ಅರ್ಧಕ್ಕೆ ನಿಂತಿದ್ದವು. ಹೆಂಗಸು ಉಳಿ ಮುಟ್ಟಬಾರದು ಎಂದು ಬೀದಿಯವರು ಹೇಳಿದರಂತೆ. "ಅಂಗಾರೆ ನೀವೇ ಬಂದು ಮುಗ್ಸಿಕೊಡಿ ಅಂದೆ ಕಣವ್ವ. ಒಬ್ರೂ ಬರ್ನಿಲ್ಲ. ನಾನೇ ಕೂತ್ಕಂಡೆ" ಎನ್ನುತ್ತಿದ್ದರು. ಆ ಬಾಗಿಲುಗಳು ಇವತ್ತಿಗೂ ಊರಲ್ಲಿವೆ. ಅವುಗಳಲ್ಲಿ ಒಂದು ಕಿರುಗುಟ್ಟುತ್ತದೆ. ಅದನ್ನು ಬೇರೆಯವರಿಗಿಂತ ಮೊದಲು ಅವರೇ ಹೇಳಿಬಿಡುತ್ತಿದ್ದರು.

ನಮ್ಮಪ್ಪ ಹೇಮಾವತಿಯಲ್ಲಿ ಜನರನ್ನು ದಾಟಿಸುತ್ತಿದ್ದವರು. ಸೇತುವೆಯಾದ ಮೇಲೆ ಅವರ ದೋಣಿ ನಮ್ಮ ಹಿತ್ತಲಲ್ಲಿ ಬೋರಲು ಬಿತ್ತು. ಅಪ್ಪ ತೀರಿಕೊಂಡ ಮೇಲೂ ಅಲ್ಲೇ ಇತ್ತು. ಅಣ್ಣನಿಗೆ ಆ ಜಾಗದಲ್ಲಿ ಕೊಟ್ಟಿಗೆ ಕಟ್ಟಬೇಕಿತ್ತು. ದೋಣಿಯನ್ನು ನಾನು ಸರಿ ಮಾಡುತ್ತೇನೆ ಎಂದಾಗ ಅವನು ನಗಲೂ ಇಲ್ಲ.

"ಟೈಲರಿಂಗ್ ಬುಟ್ಟೆ, ಕಂಪ್ಯೂಟ್ರು ಬುಟ್ಟೆ, ಎಂಎ ಬುಟ್ಟೆ. ಇದ್ನೂ ಉಗಾದಿ ಗಂಟ ನೋಡು. ಆಗ್ನಿಲ್ಲಾಂದ್ರೆ ಸೌದೆ ಕಣಮ್ಮಿ" ಎಂದ.

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ವಾರವೆಲ್ಲ ಹಾಸನದ ಆಫೀಸಿಗೆ ಬಸ್ಸಿನಲ್ಲಿ ಓಡಾಡುವವಳಿಗೆ ಸಿಗುತ್ತಿದ್ದುದು ಭಾನುವಾರ ಮಾತ್ರ. ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಕೆರೆಯುತ್ತಿದ್ದೆ, ಬಡಿಯುತ್ತಿದ್ದೆ. ದೊಡ್ಡಮ್ಮ ಮೂರು ಭಾನುವಾರ ಬೇಲಿಯಾಚೆ ನಿಂತು ನೋಡಿದರು. ನಾಲ್ಕನೆಯ ಭಾನುವಾರ ಒಳಗೆ ಬಂದವರೇ ನನ್ನ ಕೈಯಿಂದ ಉಳಿ ಕಿತ್ತುಕೊಂಡು, ಅರ್ಧ ಗಂಟೆ ಕಲ್ಲಿಗೆ ಮಸೆದು, ಮತ್ತೆ ನನ್ನ ಕೈಗೇ ಕೊಟ್ಟರು. ಅವರು ಒಂದು ದಿನವೂ ನನ್ನ ಬದಲು ಕೆಲಸ ಮಾಡಲಿಲ್ಲ. ಪಕ್ಕದಲ್ಲಿ ಕೂತು ಎಲೆಅಡಿಕೆ ಜಗಿಯುತ್ತಾ, ತಪ್ಪು ಮಾಡಿದರೆ "ಊಂ" ಎನ್ನುತ್ತಿದ್ದರು. ಸರಿ ಮಾಡಿದರೂ ಅದೇ "ಊಂ". ಎರಡರ ವ್ಯತ್ಯಾಸ ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು.

ದೋಣಿಯ ಹಿಂಬದಿಯಲ್ಲಿ ತಳದ ಹಲಗೆಯೊಂದು ಮೆತ್ತಗಾಗಿತ್ತು. ಅದನ್ನು ಕಿತ್ತರೆ ಹೊಸದು ಕೂರಿಸಲು ನನ್ನಿಂದಾಗದು ಎಂಬ ಭಯ. ದೊಡ್ಡಮ್ಮ ಮದುವೆಗೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದ ಭಾನುವಾರ ಅದಕ್ಕೆ ಪುಟ್ಟಿ ಮೆತ್ತಿ, ಮೇಲೆ ಡಾಂಬರು ಬಳಿದುಬಿಟ್ಟೆ. ಅವರು ಬಂದು ಅದರ ಮೇಲೆ ಬೆರಳಾಡಿಸಿದರು. ಆಮೇಲೆ ಎಲೆಅಡಿಕೆ ಬಿಚ್ಚಿಕೊಂಡು ಪಕ್ಕದಲ್ಲಿ ಕೂತರು.

ಉಗಾದಿಗೆ ಮೂರು ವಾರವಿರುವಾಗ ಟ್ರ್ಯಾಕ್ಟರಿನಲ್ಲಿ ದೋಣಿಯನ್ನು ಹೊಳೆಗೆ ಸಾಗಿಸಿದೆವು. ನೋಡಲು ಅರ್ಧ ಊರು ಬಂದಿತ್ತು. ನೀರಿಗಿಳಿದ ಕೂಡಲೇ ಹಲಗೆಗಳ ಸಂದಿಯೆಲ್ಲ ಜಿನುಗತೊಡಗಿತು. ಎಲ್ಲರ ಕಣ್ಣೆದುರೇ ದೋಣಿ ಸೊಂಟದಾಳದ ನೀರಿನಲ್ಲಿ ಕೂತುಬಿಟ್ಟಿತು. "ಅಪ್ಪ ದಾಟುಸ್ತಿದ್ದ, ಮಗಳು ಮುಳುಗುಸ್ತಾಳೆ" ಎಂದು ಯಾರೋ ಅಂದರು. ದಡವೆಲ್ಲ ನಕ್ಕಿತು.

"ಎಳೆದು ಸೌದೆಗೆ ಹಾಕ್ಕೊ" ಎಂದೆ ಅಣ್ಣನಿಗೆ.

ಅಣ್ಣ ಹಗ್ಗ ಹಿಡಿಯುವ ಮೊದಲೇ ದೊಡ್ಡಮ್ಮ ಸೀರೆ ಎತ್ತಿಕಟ್ಟಿ ನೀರಿಗಿಳಿದರು. "ಯಾರೂ ಮುಟ್ಬ್ಯಾಡಿ. ಕಲ್ಲು ತಂದು ತುಂಬಿ, ಇನ್ನೂ ಚೆನ್ನಾಗಿ ಮುಳುಗ್ಲಿ" ಎಂದರು. ಆಮೇಲೆ ನನ್ನತ್ತ ತಿರುಗಿ, "ವರ್ಷಗಟ್ಲೆ ಒಣಗಿದ ಮರ ಕಣವ್ವ. ನೀರು ಕುಡುದು ಊದ್ಕಂಡ್ರೆ ಸಂದಿ ತಾನೇ ಮುಚ್ಕತದೆ. ಒಂದು ವಾರ ಬಿದ್ದಿರ್ಲಿ. ನಗೋರು ನಗ್ಲಿ, ಅವರ ಬಾಯಿ ಅವರ್ದು" ಎಂದರು.

ಆ ವಾರ ಬಸ್ಸಿನಲ್ಲಿ ಸಹ ಜನ ದೋಣಿ ವಿಚಾರ ಕೇಳಿ ಕಿಸಕ್ಕೆಂದರು. ನಾನು ಕಿಟಕಿ ಕಡೆ ಮುಖ ಮಾಡಿ ಕೂತೆ.

ಮುಂದಿನ ಭಾನುವಾರ ಕಲ್ಲು ತೆಗೆದು, ನೀರು ಮೊಗೆದು ಹಾಕಿದಾಗ ಸಂದಿಗಳೆಲ್ಲ ಮುಚ್ಚಿಕೊಂಡಿದ್ದವು. ನೀರು ಒಂದೇ ಕಡೆಯಿಂದ ಬರುತ್ತಿತ್ತು. ನಾನು ಪುಟ್ಟಿ ಮೆತ್ತಿದ ಜಾಗದಿಂದ.

"ಅದು ನಂಗೆ ಅವತ್ತೇ ಗೊತ್ತಿತ್ತು" ಎಂದರು ದೊಡ್ಡಮ್ಮ.

"ಮತ್ತೆ ಯಾಕೆ ಹೇಳ್ನಿಲ್ಲ?"

"ಯೋಳಿದ್ರೆ ನಂಗೆ ಎದರ್ಕಂಡು ಹಲಗೆ ಕೀಳ್ತಿದ್ದೆ. ನೀರಿಗೆ ಎದರ್ಕಂಡು ಕೀಳ್ಬೇಕು."

"ನನ್ನ ಕೈಲಿ ಆಗಲ್ಲ ದೊಡ್ಡಮ್ಮ."

"ಆಗಲ್ಲಾಂತ ನಿಂಗೆಂಗೆ ಗೊತ್ತು? ಆಗೋ ಗಂಟ ಯಾವತ್ತು ಕೂತಿದ್ದೀಯ?"

ಸಿಟ್ಟು ನೆತ್ತಿಗೇರಿತು. ಅವರ ಮೇಲೋ ನನ್ನ ಮೇಲೋ ಗೊತ್ತಿಲ್ಲ. ದೋಣಿಯನ್ನು ದಡಕ್ಕೆಳೆಸಿ, ಆ ಸಿಟ್ಟಿನಲ್ಲೇ ಹಲಗೆ ಕಿತ್ತೆ. ಆಫೀಸಿಗೆ ರಜೆ ಹಾಕಿ ಅರಕಲಗೂಡಿನ ಸಾಮಿಲ್ಲಿನಿಂದ ಹಲಸಿನ ಹಲಗೆ ತಂದೆ. ಮೊದಲನೆಯದನ್ನು ಬೆರಳಗಲ ಗಿಡ್ಡ ಕೊಯ್ದು ಕೆಡಿಸಿದೆ. ದೊಡ್ಡಮ್ಮ ಎದ್ದು ಹೋಗುತ್ತಾರೆಂದುಕೊಂಡೆ. ಅವರು ಇನ್ನೊಂದು ಎಲೆಗೆ ಸುಣ್ಣ ಹಚ್ಚಿದರು. ಮತ್ತೆ ಅರಕಲಗೂಡಿಗೆ ಹೋಗಿಬಂದೆ. ಎರಡನೆಯ ಹಲಗೆ ಕೂತಿತು. ಸಂದಿಗೆ ಹತ್ತಿಯ ಹುರಿ ತುರುಕಿ, ಡಾಂಬರು ಬಳಿದು, ಮತ್ತೆ ಎರಡು ದಿನ ದೋಣಿಯನ್ನು ನಾನೇ ಮುಳುಗಿಸಿದೆ. ಈ ಸಲ ಯಾರು ನಕ್ಕರೆಂದು ತಿರುಗಿ ನೋಡಲಿಲ್ಲ.

ಉಗಾದಿಯ ದಿನ ಒಬ್ಬಟ್ಟಿನ ಊಟ ಮುಗಿಸಿ ದೊಡ್ಡಮ್ಮನನ್ನು ದೋಣಿಯಲ್ಲಿ ಕೂರಿಸಿಕೊಂಡು ಬಿದಿರಿನ ಗಳು ಹಾಕಿದೆ. ಆಚೆ ದಡ ಮುಟ್ಟಿ ವಾಪಸಾದೆವು. ತಳದಲ್ಲಿ ತೊಟ್ಟು ನೀರಿರಲಿಲ್ಲ. ಅಣ್ಣ ಮೊಣಕಾಲುದ್ದ ನೀರಿಗಿಳಿದು ಹಗ್ಗ ಹಿಡಿದುಕೊಂಡ. ಕೊಟ್ಟಿಗೆಯನ್ನು ಅವನು ಆಮೇಲೆ ಬೀದಿ ಕಡೆ ಕಟ್ಟಿಸಿದ.

ದೊಡ್ಡಮ್ಮ ಇಳಿಯುವಾಗ, "ಆ ಮೂಲೆ ವಸಿ ದಪ್ಪ ಆಯ್ತು. ಮುಂದಿನ್ದಕ್ಕೆ ನೋಡ್ಕ" ಎಂದರು.

"ಮುಂದಿನ್ದು ಯಾವ್ದು ದೊಡ್ಡಮ್ಮ?"

"ಅದ್ನೂ ನಾನೇ ಯೋಳ್ಬೇಕಾ?"

ಮರುವರ್ಷ ಶ್ರಾವಣದಲ್ಲಿ ಅವರು ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡರು. ಎದೆಯಲ್ಲಿ ಕಫ ಕಟ್ಟಿತ್ತು. ಮಣ್ಣಿಗೆ ಹೊರಟಾಗ, ಹೆಂಗಸರು ಅಲ್ಲಿಗೆ ಬರುವ ಪದ್ಧತಿಯಿಲ್ಲವೆಂದು ಹಿರಿಯರೊಬ್ಬರು ನನ್ನನ್ನು ತಡೆದರು. ನಾನು ಅವರ ಪಕ್ಕದಿಂದ ಸುತ್ತಿಕೊಂಡು ಮುಂದೆ ನಡೆದೆ. ಹಿಡಿ ಮಣ್ಣು ಹಾಕಿ ಬಂದೆ.

ಈಗ ಹಿತ್ತಲಲ್ಲಿ ಹೊಸ ದೋಣಿಯ ತಳ ಎದ್ದಿದೆ. ಇದು ಯಾರದೋ ಹಳೆಯದಲ್ಲ, ಮೊದಲ ಹಲಗೆಯಿಂದ ನನ್ನದೇ. ಇದು ಮುಗಿಯುತ್ತದಾ ಎಂದು ಬೇಲಿಯಾಚೆಯಿಂದ ಕೇಳುವವರಿದ್ದಾರೆ. ಗೊತ್ತಿಲ್ಲ ಎನ್ನುತ್ತೇನೆ. ನಿಜವಾಗಿಯೂ ಗೊತ್ತಿಲ್ಲ. ಭಯ ಎಲ್ಲೂ ಹೋಗಿಲ್ಲ, ಭಾನುವಾರ ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಕೂತಿರುತ್ತದೆ. ಕೂತಿರಲಿ. ನಾನು ಗರಗಸ ತೆಗೆದುಕೊಂಡು ಹೊರಗೆ ಹೋಗುತ್ತೇನೆ.