ಗಾರೆಯವಳ ಕೇಕು

ಬೆಳಕು ಹರಿಯುವ ಮೊದಲು ಅವಳು ಮುಗಿಸಬೇಕಾದ್ದು ಇಷ್ಟು: ನಲ್ಲಿ ನಿಲ್ಲುವುದರೊಳಗೆ ನಾಲ್ಕು ಬಕೆಟ್ ನೀರು ತುಂಬಬೇಕು. ಅತ್ತೆಗೆ ಗಂಜಿ ಕಾಯಿಸಬೇಕು. ಮೊಟ್ಟೆ ಬೇಯಿಸಬೇಕು, ಮಗಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಬೇಕು, ಮೂರು ಡಬ್ಬಿ ತುಂಬಬೇಕು. ಗಂಡನ ಕಾಲುಚೀಲ ಹುಡುಕಿ ಕೊಡಬೇಕು. ಅದು ದಿನಾ ಇರುವ ಜಾಗದಲ್ಲೇ ಇರುತ್ತದೆ, ಅವನ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಇಷ್ಟಾದ ಮೇಲೆ ಗಾರೆ ಸವರುವ ಕರಣೆಯನ್ನು ಚೀಲಕ್ಕೆ ಹಾಕಿಕೊಂಡು ಎಂಟಕ್ಕೆ ಸರಿಯಾಗಿ ಕಟ್ಟಡದ ಕೆಲಸಕ್ಕೆ ಹೋಗಬೇಕು. ಅವಳದು ಗೋಡೆಗೆ ಗಾರೆ ಮಾಡುವ ಕೆಲಸ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಇದರ ಜೊತೆಗೆ ಇನ್ನೊಂದು ಸೇರಿಕೊಂಡಿತ್ತು: ಕೇಕಿಗೆ ಐಸಿಂಗ್ ಹಚ್ಚುವುದು.

ಕೇಕು ಪಕ್ಕದ ಮನೆಯ ನರ್ಸಮ್ಮನದು. ಇವಳ ಮಗಳು ಏಳು ತಿಂಗಳ ಕೂಸಾಗಿದ್ದಾಗ, "ಕೂಸನ್ನ ಯಾರು ನೋಡ್ಕೋತಾರೆ? ಕೆಲಸ ಬಿಟ್ಟುಬಿಡು" ಎಂದು ಮನೆಯವರೆಲ್ಲ ಒಂದೇ ರಾಗ ಹಾಡಿದ್ದರು. ಆಗಷ್ಟೇ ಆಸ್ಪತ್ರೆಯಿಂದ ನಿವೃತ್ತರಾಗಿದ್ದ ನರ್ಸಮ್ಮ ಬಾಗಿಲಲ್ಲಿ ಬಂದು ನಿಂತು, "ಯಾಕೆ, ನಾನಿಲ್ವೇನೇ?" ಅಂದರು. ಅಂದದ್ದಷ್ಟೇ ಅಲ್ಲ, ಆರು ವರ್ಷ ನೋಡಿಕೊಂಡರು. ಆ ಆರು ವರ್ಷದಲ್ಲೇ ಅವಳು ಮರಳು ಜರಡಿ ಹಿಡಿಯುವ ಆಳಿನಿಂದ ಕರಣೆ ಹಿಡಿಯುವ ಕೆಲಸಗಾರ್ತಿಯಾದದ್ದು. ಪ್ರತಿ ಕ್ರಿಸ್‌ಮಸ್ಸಿಗೂ ನರ್ಸಮ್ಮನ ಕೇಕಿನ ಮೊದಲ ತುಂಡು ಅವಳ ಮನೆಗೇ ಬರುತ್ತಿತ್ತು.

ಈ ಸಲ ನರ್ಸಮ್ಮ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. "ಮಗಳು, ಮೊಮ್ಮಕ್ಕಳು ಬರ್ತಾರೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಅಂಗಡಿ ಕೇಕು" ಎಂದು ಕಟ್ಟು ಹಾಕಿದ ಕೈಯನ್ನೇ ನೋಡುತ್ತ ಕುಳಿತರು. ಜನ್ಮದಲ್ಲಿ ಕೇಕು ಮಾಡದವಳ ಬಾಯಿಂದ, "ನಾನು ಮಾಡ್ತೀನಿ, ಹೇಳ್ಕೊಡಿ" ಎಂಬ ಮಾತು ಬಂದೇಬಿಟ್ಟಿತು.

ಭಾನುವಾರ ಬಾಯಿ ನರ್ಸಮ್ಮನದು, ಕೈ ಇವಳದು. ಒಂದಿಡೀ ರಾತ್ರಿ ಕಿತ್ತಳೆ ರಸದಲ್ಲಿ ನೆನೆದ ಒಣಹಣ್ಣು. ಬೆಣ್ಣೆ ಸಕ್ಕರೆ ಬೆಳ್ಳಗಾಗುವ ತನಕ ತಿರುವಿದ್ದು. ತಟ್ಟೆಗೆ ಎರಡು ಸುತ್ತು ಕಾಗದ. "ಸಣ್ಣ ಉರಿ ಕಣೇ. ಆತುರ ಬಿದ್ರೆ ಮೇಲೆ ಕರಕಲು, ಒಳಗೆ ಹಸಿ." ಮೂರು ಗಂಟೆಯ ಮೇಲೆ ಚುಚ್ಚಿದ ಕಡ್ಡಿ ಒಣಗಿಯೇ ಹೊರಬಂತು. "ಪಾಸು!" ಎಂದರು ನರ್ಸಮ್ಮ.

ಐಸಿಂಗಿಗೆ ಅವಳಿಗೆ ಸಿಕ್ಕಿದ್ದು ಈ ಬೆಳಗಿನ ಜಾವ ಮಾತ್ರ, ತನ್ನ ಅಡುಗೆಮನೆಯಲ್ಲಿ. ಮೊಟ್ಟೆಯ ಬಿಳಿ, ಸಕ್ಕರೆ ಪುಡಿ, ನಿಂಬೆರಸ ಸೇರಿಸಿ, ಚಮಚ ಎತ್ತಿದರೆ ಮೊನೆ ನಿಲ್ಲುವಷ್ಟು ಕಲಸಿದಳು. ಕೇಕಿನ ಮೈ ಒಣಗಿದಂತೆ ಕಂಡಿತು. ಒಣಗೋಡೆ ಗಾರೆ ಹಿಡಿಯದು ಎಂಬುದು ಹದಿನೈದು ವರ್ಷದ ಪಾಠ. ಕೈ ತಾನಾಗಿ ಚೊಂಬಿಗೆ ಹೋಯಿತು. ಕೇಕಿಗೆ ಸುತ್ತಲೂ ನೀರು ಚಿಮುಕಿಸಿ, ನುಣ್ಣಗೆ ಐಸಿಂಗ್ ಎಳೆದಳು.

ಎರಡೇ ನಿಮಿಷ. ಇಡೀ ಬಿಳುಪು ಕೇಕಿನ ಕಂದು ಪುಡಿಯನ್ನು ಎಳೆದುಕೊಂಡು ತಟ್ಟೆಗೆ ಜಾರಿತು.

ಹಾಲು ತರಲು ಹೊರಟಿದ್ದ ಗಂಡ ಇಣುಕಿ, "ಮಳೆಗಾಲದ ಗೋಡೆ ಕುಸಿದ ಹಾಗಿದೆಯಲ್ಲೇ" ಎಂದು ನಕ್ಕ. ಅವಳು ತಟ್ಟೆ ಎತ್ತಿಕೊಂಡು ಪಕ್ಕದ ಮನೆಗೆ ಓಡಿದಳು.

ನರ್ಸಮ್ಮ ಕನ್ನಡಕ ಏರಿಸಿ ನೋಡಿದರು. "ನೀರು ಹಾಕಿದ್ಯಾ?"

"ಹಾಕಿದೆ."

"ಅಯ್ಯೋ ನನ್ನವ್ವ! ಇದಕ್ಕೇನು ಗೋಡೆ ಹಾಗೆ ಇಪ್ಪತ್ತೊಂದು ದಿನ ನೀರುಣಿಸಿ ಕ್ಯೂರಿಂಗು ಮಾಡ್ತೀಯಾ? ಜಾಮ್ ಸವರು ಅಂದಿದ್ದೆ ನಾನು." ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಎಡಗೈಯಿಂದ ಅವಳ ಬೆನ್ನು ಸವರಿದರು. "ಕೆಟ್ಟಿಲ್ಲ ಬಿಡು. ಕೆರೆದು ತೆಗಿ, ಬಟ್ಟೆಯಲ್ಲಿ ಒತ್ತಿ ಒರೆಸು, ಬಿಸಿ ಜಾಮ್ ಸವರು. ಜಾರಿದ್ದನ್ನೇ ತೆಳ್ಳಗೆ ಒಳಪದರಕ್ಕೆ ಒಂದು ಕೈ ಬಳಿ, ಅದು ಯಾರಿಗೂ ಕಾಣಲ್ಲ. ಅರ್ಧ ಗಂಟೆ ಬಿಟ್ಟು, ಬಟ್ಟಲಲ್ಲಿ ಮಿಕ್ಕಿರೋ ಐಸಿಂಗಲ್ಲಿ ಮೇಲಕ್ಕೆ ಇನ್ನೊಂದು ಕೈ. ಗೋಡೆಗೂ ಎರಡು ಕೈ ಬೇಕಲ್ವೇನೇ?"

ಆಮೇಲೆ ಗಡಿಯಾರ ನೋಡಿ ದನಿ ತಗ್ಗಿಸಿದರು. "ಒಂದು ಗಂಟೆ ಹಿಡಿಯುತ್ತೆ ಮಗಳೇ. ನಿನಗೆ ನೂರೆಂಟು ಕೆಲಸ. ಅಂಗಡಿಯಿಂದ ತರಿಸ್ತೀನಿ ಬಿಡು, ನಂಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎಂದ ಮುಖ ಅವಳಿಗೆ ಗೊತ್ತಿತ್ತು. ಆರು ವರ್ಷ ಪ್ರತಿ ಸಂಜೆ, ಸೊಂಟ ಹಿಡಿದುಕೊಂಡೇ ಕೂಸನ್ನು ಕೈಗಿಡುತ್ತ, "ನಂಗೇನೂ ಆಯಾಸವಿಲ್ಲ" ಎನ್ನುತ್ತಿದ್ದ ಮುಖ ಅದು.

ಮನೆಗೆ ಬಂದಾಗ ಆರೂವರೆ. ಬಕೆಟ್ಟು ಎರಡೇ ತುಂಬಿದ್ದವು. ಡಬ್ಬಿಗಳು ಬಾಯಿ ತೆರೆದು ಕೂತಿದ್ದವು. "ನನ್ನ ಕಾಲುಚೀಲ ಎಲ್ಲೇ?" ಒಳಗಿನಿಂದ ಗಂಡನ ಕೂಗು. ಮನೆಯಲ್ಲಿ ಯಾರೂ ಅವಳಿಗೆ ಕೇಕು ಬಿಡು ಅನ್ನಲಿಲ್ಲ. ಕೇಕನ್ನು ಮುಗಿಸು ಅಂತಲೂ ಅನ್ನಲಿಲ್ಲ.

ಅವಳು ಅತ್ತೆಗೆ ಗಂಜಿ ಕೊಟ್ಟು ಬಂದಳು. ಬೆಂದ ಮೊಟ್ಟೆ, ಬ್ರೆಡ್ಡು, ಉಪ್ಪಿನ ಡಬ್ಬಿ, ಮೂರು ಖಾಲಿ ಡಬ್ಬಿ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ, ಇವತ್ತು ಅವರವರೇ ಮಾಡಿಕೊಳ್ಳಲಿ ಎಂದು, ನಡುಮನೆಯ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಕಾಲುಚೀಲವನ್ನು ಇದ್ದ ಜಾಗದಲ್ಲೇ ಬಿಟ್ಟಳು. ಅಡುಗೆಮನೆಗೆ ಬಂದು ಚಿಲಕ ಹಾಕಿ, ಸಣ್ಣ ಉರಿಯಲ್ಲಿ ಜಾಮ್ ಬಿಸಿಗಿಟ್ಟಳು.